ಬ್ಲಾಕಿನ ಕೋಟೆ: ಒಂದು ಕಲ್ಲಿಗೆ ಎಷ್ಟು ಹಣ?

ಭಾಗ 1

ದೋಸ್ತ್ರೇ, ಮೊದಲನೇ ಫೋಟೊ ನೋಡಿ ನಗಬ್ಯಾಡ್ರಿ. ಅದು ರಾಯಚೂರು ಕೋಟೆ. ಲ್ಯಾಬಿನ ಹಳೇ ಕಂಪ್ಯೂಟರಿಗೆ ಲುವಾಂಟಿ ಅನ್ನೋ ಪುಕ್ಕಟೆ ಬ್ಲಾಕ್ ಗೇಮ್ ಹಾಕಿಕೊಂಡು ನಾವು ನಾಲ್ಕು ಮಂದಿ ಮೂರು ವಾರ ಕೂತು ಕಟ್ಟಿದ್ದು. ಮೊದಲು ಇದಕ್ಕೆ ಮೈನ್‌ಟೆಸ್ಟ್ ಅಂತಿದ್ರು, 2024ರಲ್ಲಿ ಹೆಸರು ಬದಲಾಯಿತು. ದೂರದಿಂದ ನೋಡಿದ್ರೆ ಕೋಟೆ ಅಂತ ಗೊತ್ತಾಗತೈತಿ. ಹತ್ತಿರ ಹೋದ್ರೆ ಬರೀ ಬೂದಿ ಬಣ್ಣದ ಚೌಕ ಚೌಕ ಗ್ವಾಡಿ. ನವರಂಗಿ ದರ್ವಾಜಾ ಇನ್ನೂ ಅರ್ಧಕ್ಕೇ ನಿಂತೈತಿ.

ಗ್ವಾಡಿ ಕಟ್ಟೋದು ಸರಳ. ಜಗಳ ಬಿದ್ದಿದ್ದು ಕತೆಗೆ. ಆಟ ಅಂದಮೇಲೆ ಆಡೋನಿಗೆ ಏನಾದ್ರೂ ಕೆಲಸ ಇರಬೇಕಲ್ಲ? ಒಬ್ಬ ದೋಸ್ತ ಅಂದ: "1520ರ ಯುದ್ಧ ಇಡೋಣು. ಕೃಷ್ಣದೇವರಾಯನ ಕಡೆಯಿಂದ ಆಡೋದು, ಗ್ವಾಡಿ ಒಡೆಯೋದು, ಕಲ್ಲಿಗಿಷ್ಟು ಅಂತ ಕಾಯಿನ್ ತಗೊಳ್ಳೋದು." ನಾನು ಬ್ಯಾಡ ಅಂದೆ. ಯಾಕೆ ಬ್ಯಾಡ ಅಂತ ಅವತ್ತು ಸರಿಯಾಗಿ ಹೇಳಾಕ ಬರಲಿಲ್ಲ. ಎರಡು ದಿನ ನಾವಿಬ್ರೂ ಮಾತಾಡಲಿಲ್ಲ. ಅದಕ್ಕೇ ಈ ಸರಣಿ. ಇಟ್ಟಿಗೆ ಆಟಗಳಿಗೆ ಇದುವರೆಗೆ ಕತೆ ಯಾರ್ಯಾರು ಹೆಂಗ್ಹೆಂಗ ಕಟ್ಟಿದ್ರು, ಅದರೊಳಗೆ ನಮ್ಮ ಕೋಟೆ ಎಲ್ಲಿ ಕೂಡತೈತಿ ಅಂತ ಓದಿಕೊಂಡು ಬರೆದೀನಿ. ಉದ್ದ ಐತಿ. ನಡುವೆ ಎದ್ದು ಹೋಗಬ್ಯಾಡ್ರಿ, ಕೋಣಗಳು ಕೊನೆಗೆ ಬರ್ತಾವ.

ಭಾಗ 2

ಜಾಲಹಳ್ಳಿಯಲ್ಲಿ ಬೆಳೆದ ನಮಗೆ ಲೆಗೊ ಡಬ್ಬಿ ಕೈಗೆ ಸಿಕ್ಕಿದ್ದಿಲ್ಲ. ನಮ್ಮ ಕಟ್ಟೋ ಆಟ ಅಂದ್ರೆ ಜೋಳದ ದಂಟಿನ ಬಂಡಿ, ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಜೋಡೆತ್ತು, ಅವಕ್ಕೊಂದು ಗ್ವಾದಲಿ. ಹಬ್ಬ ಮುಗಿದ ಮೇಲೆ ಎತ್ತು ಕರಗಿ ಮಣ್ಣಾಗತಿದ್ವು. ಮುಂದಿನ ವರ್ಷ ಅದೇ ಮಣ್ಣು, ಹೊಸ ಎತ್ತು. ಯಾರೂ ಅತ್ತಿದ್ದಿಲ್ಲ.

ಲೆಗೊ ಕೂಡ ಅದೇ ಜಾತಿಯ ಆಟಿಕೆ. ಡೆನ್ಮಾರ್ಕಿನ ಬಿಲ್ಲುಂಡ್ ಅನ್ನೋ ಸಣ್ಣ ಊರಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್‌ಸೆನ್ ಅನ್ನೋ ಬಡಗಿ 1932ರಲ್ಲಿ ಕಟ್ಟಿಗೆ ಆಟಿಕೆ ಮಾಡೋಕೆ ಶುರು ಮಾಡಿದ. ಪ್ಲಾಸ್ಟಿಕ್ ಇಟ್ಟಿಗೆ ಬಂದಿದ್ದು 1949ರಲ್ಲಿ. ಆದ್ರೆ ಅವು ಒಂದಕ್ಕೊಂದು ಗಟ್ಟಿ ಹಿಡಿತಿರಲಿಲ್ಲ. ಇಟ್ಟಿಗೆಯ ಹೊಟ್ಟೆಯೊಳಗೆ ಕೊಳವೆ ಇಡೋ ಉಪಾಯಕ್ಕೆ ಅವನ ಮಗ ಗಾಡ್‌ಫ್ರೆಡ್ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಹಾಕಿದ. ಅಲ್ಲಿಂದ ಇಟ್ಟಿಗೆ ಕೂತಲ್ಲಿ ಕೂತಿತು, ಕಿತ್ತಾಗ ಬಂತು. ಎಂಟು ಗುಬಟಿಯ ಆರೇ ಆರು ಇಟ್ಟಿಗೆಗಳನ್ನ 91,51,03,765 ಥರ ಜೋಡಿಸಬಹುದಂತೆ. ಒಬ್ಬ ಗಣಿತದ ಪ್ರೊಫೆಸರು ಕಂಪ್ಯೂಟರಿಗೆ ಹಚ್ಚಿ ಎಣಿಸ್ಯಾರ, ನಾನಲ್ಲ.

ಇಷ್ಟಾದರೂ ಅದರಲ್ಲಿ ಕತೆ ಇರಲಿಲ್ಲ. ಮನೆ ಇತ್ತು, ಮನೆಯೊಳಗೆ ಮಂದಿ ಇರಲಿಲ್ಲ. 1978ರಲ್ಲಿ ಕೈಕಾಲು ಆಡಿಸೋ ಪುಟ್ಟ ಗೊಂಬೆ ಬಂದಮೇಲೆ "ಈ ಮನೆ ಯಾರದು" ಅನ್ನೋ ಪ್ರಶ್ನೆ ಹುಟ್ಟಿತು. ಕತೆ ಶುರುವಾಗೋದೇ ಆ ಪ್ರಶ್ನೆಯಿಂದ.

ಭಾಗ 3

ಈಗ ಕಂಪ್ಯೂಟರಿಗೆ ಬರೋಣು. 1997ರಲ್ಲಿ ಮೈಂಡ್‌ಸ್ಕೇಪ್ ಕಂಪನಿಯವರು ಲೆಗೊ ಐಲ್ಯಾಂಡ್ ಅನ್ನೋ ಆಟ ತಂದ್ರು. ಅದರ ಕಲ್ಪನೆಯ ಮುಂದಾಳು ವೆಸ್ ಜೆಂಕಿನ್ಸ್. ಒಂದು ದ್ವೀಪ, ಅಲ್ಲಿ ಬೇಕಾದ ಕಡೆ ತಿರುಗಬಹುದು, ರೇಸು ಓಡಿಸಬಹುದು, ಆಂಬ್ಯುಲೆನ್ಸ್ ನಡೆಸಬಹುದು. ಪೆಪ್ಪರ್ ಅನ್ನೋ ಪಿಜ್ಜಾ ಹಂಚೋ ಹುಡುಗ ಜೈಲಿನಲ್ಲಿದ್ದ ಕೈದಿಗೆ ಪಿಜ್ಜಾ ಕೊಡ್ತಾನೆ, ಕೈದಿ ತಪ್ಪಿಸಿಕೊಳ್ತಾನೆ. ಅವನ ಹೆಸರು ಬ್ರಿಕ್‌ಸ್ಟರ್. ಅವನು ಕೊಲೆ ಮಾಡೋದಿಲ್ಲ, ಬೆಂಕಿ ಹಚ್ಚೋದಿಲ್ಲ. ಊರಿನ ಕಟ್ಟಡಗಳನ್ನ ಒಂದೊಂದಾಗಿ ಬಿಚ್ಚಿಕೊಂಡು ಹೋಗ್ತಾನೆ. ನೀವು ಹೆಲಿಕಾಪ್ಟರಿನ ತುಂಡುಗಳನ್ನ ಹುಡುಕಿ ಅವನನ್ನ ಹಿಡೀಬೇಕು. ತಡವಾದ್ರೆ ದ್ವೀಪವೇ ಖಾಲಿ.

ನನಗೆ ಇದು ಇವತ್ತಿಗೂ ಜಾಣ ಕತೆ ಅನ್ನಿಸತೈತಿ. ಬೇರೆ ಕತೆಯ ಖಳನಾಯಕನನ್ನ ತಂದು ಇಟ್ಟಿಗೆ ಲೋಕದೊಳಗೆ ನಿಲ್ಲಿಸಲಿಲ್ಲ. ಇಟ್ಟಿಗೆ ಲೋಕದಲ್ಲಿ ಹೆಚ್ಚು ಹೆದರಿಸೋದು ಏನು ಅಂತ ಕೇಳಿಕೊಂಡ್ರು. ಯಾರೋ ಬಂದು ಬಿಚ್ಚೋದು! ಅಷ್ಟೇ, ಖಳನಾಯಕ ಸಿಕ್ಕ.

ಅದೇ 1997ರಲ್ಲಿ ನಮ್ಮ ಬೆಂಗಳೂರಿನಲ್ಲಿ ರಾಜೇಶ್ ರಾವ್ ಧ್ರುವ ಇಂಟರ್‍ಯಾಕ್ಟಿವ್ ಶುರು ಮಾಡಿದ್ರು. ಭಾರತದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಅದೊಂದು. ಮುಂದೆ ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಕಾರು, ಗಿಡ, ಕಟ್ಟಡ ಮಾಡಿಕೊಟ್ಟರು. ಫೋರ್ಜಾ ರೇಸಿನ ಕಾರು ಓಡಿಸಿದವರು ನಮ್ಮ ರಾಜ್ಯದ ಕೈಗೆಲಸವನ್ನ ಗೊತ್ತಿಲ್ಲದೇ ಓಡಿಸಿರಬಹುದು. 2012ರಲ್ಲಿ ಅನಿಮೇಷನ್ ಮತ್ತು ಗೇಮಿಂಗಿಗೆ ಅಂತಲೇ ನೀತಿ ಮಾಡಿದ ಮೊದಲ ರಾಜ್ಯವೂ ಕರ್ನಾಟಕ. ಲೋಕ ಕಟ್ಟೋ ಕೈ ನಮ್ಮಲ್ಲಿ ಬಹಳ ಹಿಂದೆನೇ ಇತ್ತು. ಆ ಲೋಕದ ಕತೆ ಮಾತ್ರ ಬಹಳ ಸಲ ಬೇರೆ ಕಡೆಯಿಂದ ಬಂತು. ಈ ಮಾತಿಗೆ ಸಿಟ್ಟಾಗೋರು ಕಾಮೆಂಟಿನಾಗ ಸಿಟ್ಟಾಗ್ರಿ, ಓದತೀನಿ.

ಭಾಗ 4

2005ರಲ್ಲಿ ಟ್ರಾವೆಲರ್ಸ್ ಟೇಲ್ಸ್ ಅನ್ನೋ ಬ್ರಿಟನ್ನಿನ ತಂಡ ಲೆಗೊ ಸ್ಟಾರ್ ವಾರ್ಸ್ ಮಾಡಿತು. ಮೂರನೇ ಸಿನಿಮಾ ಥಿಯೇಟರಿಗೆ ಬರೋ ಮೊದಲೇ ಆಟ ಅಂಗಡಿಗೆ ಬಂದಿತ್ತು, ಅಂದ್ರೆ ಮಕ್ಕಳಿಗೆ ಸಿನಿಮಾದ ಕತೆ ಇಟ್ಟಿಗೆ ರೂಪದಲ್ಲಿ ಮೊದಲೇ ಸಿಕ್ಕಿಬಿಟ್ಟಿತು. ನನ್ನ ಜಗಳಕ್ಕೆ ನೇರ ಸಂಬಂಧ ಇರೋದು ಈ ಆಟ. ಇದು ಮೂರು ಪದ್ಧತಿ ಹಾಕಿಕೊಟ್ಟಿತು.

ಒಂದು, ಮಾತಿಲ್ಲ. ಗೊಂಬೆಗಳು ಹೂಂ, ಹಾಂ ಅಂತ ಗೊಣಗ್ತಾವ, ಸನ್ನೆ ಮಾಡ್ತಾವ, ಅಷ್ಟರಲ್ಲೇ ನಗಸ್ತಾವ. 2012ರ ಬ್ಯಾಟ್‌ಮ್ಯಾನ್ ಎರಡನೇ ಆಟದವರೆಗೆ ಹಿಂಗೇ ನಡೀತು. ಇಂಗ್ಲಿಷ್ ಬಾರದ ಹುಡುಗನಿಗೂ ಕತೆ ತಿಳೀತಿತ್ತು. ಮಾತು ಬಂದಮೇಲೆ ಆಟಗಳು ಬೆಳೆದವು ಅಂತಾರೆ, ನನಗಂತೂ ಗೊಣಗಾಟನೇ ಇಷ್ಟ.

ಎರಡನೇದು, ಸಾವಿಲ್ಲ. ನಾಲ್ಕು ಹೃದಯ ಮುಗಿದ್ರೆ ಗೊಂಬೆ ಚೂರು ಚೂರಾಗಿ ಬೀಳತೈತಿ, ಒಂದಿಷ್ಟು ನಾಣ್ಯ ಚೆಲ್ಲತೈತಿ, ಮರುಕ್ಷಣ ಎದ್ದು ನಿಲ್ಲತೈತಿ. ನಮ್ಮ ಮಣ್ಣೆತ್ತಿನ ಥರ.

ಮೂರನೇದು, ಕಂಡಿದ್ದೆಲ್ಲ ಒಡೀಬಹುದು. ಕುರ್ಚಿ, ದೀಪ, ಗಿಡ ಏನೇ ಒಡೆದ್ರೂ ಒಳಗಿಂದ ಸ್ಟಡ್ ಅನ್ನೋ ಗುಂಡನೆಯ ನಾಣ್ಯ ಹಾರತಾವ. ಬೆಳ್ಳಿ ಬಣ್ಣದ್ದು 10, ಬಂಗಾರದ್ದು 100, ನೀಲಿದು 1000. 2006ರ ಎರಡನೇ ಭಾಗದಲ್ಲಿ ಒಡೆದ ಚೂರಿನಿಂದ ಹೊಸದೇನಾದ್ರೂ ಕಟ್ಟೋ ಕೆಲಸ ಹೆಚ್ಚು ಕಮ್ಮಿ ಎಲ್ಲಾ ಗೊಂಬೆಗೂ ಸಿಕ್ಕಿತು. ಒಡಿ, ಗಳಿಸು, ಕಟ್ಟು. ಈ ಸುತ್ತು ಎಷ್ಟು ಚೆಂದ ತಿರುಗತೈತಿ ಅಂದ್ರೆ, ಒಡೆಯೋದಕ್ಕೆ ಬೆಲೆ ಕೊಡೋದು ವಿಚಿತ್ರ ಅಂತ ಆಡೋವಾಗ ಯಾರಿಗೂ ಅನ್ಸೋದಿಲ್ಲ. ನನಗೂ ಅನ್ಸಿರಲಿಲ್ಲ, ಭಾಗ 6ರ ಪುಸ್ತಕ ಓದೋವರೆಗೆ.

ಭಾಗ 5

ಇದು ಸಣ್ಣ ಭಾಗ. 2010ರ ಅಕ್ಟೋಬರಿನಲ್ಲಿ ಲೆಗೊ ಯೂನಿವರ್ಸ್ ಅನ್ನೋ ಆನ್‌ಲೈನ್ ಲೋಕ ತೆರೀತು. ಲೋಕ ಯಾಕೆ ತುಂಡು ತುಂಡಾಗಿ ತೇಲತೈತಿ ಅನ್ನೋದಕ್ಕೇ ಅದರಲ್ಲಿ ಒಂದು ಕತೆ ಇತ್ತು: ಕಲ್ಪನೆಯ ಊಟೆ ಇದ್ದ ಗ್ರಹವೊಂದು ಸಿಡಿದು ಚೂರಾಗೈತಿ, ಕತ್ತಲ ಶಕ್ತಿಯೊಂದು ಆ ಚೂರುಗಳಿಗೆ ಹಬ್ಬೈತಿ, ಆಡೋರು ಅದನ್ನ ತಡೀಬೇಕು. ಮಕ್ಕಳು ಅಲ್ಲಿ ತಮ್ಮ ತಮ್ಮ ಜಾಗದಲ್ಲಿ ಮನೆ, ಗೋಪುರ ಕಟ್ಟಿಕೊಂಡ್ರು. 2012ರ ಜನವರಿ ಕೊನೆಗೆ ಸರ್ವರ್ ಬಂದ್. ಎಲ್ಲಾ ಹೋಯ್ತು.

2017ರ ಲೆಗೊ ವರ್ಲ್ಡ್ಸ್‌ನಲ್ಲಿ ನಾಯಕ ಹೆಸರಿಲ್ಲದ ಒಬ್ಬ ಪುಟ್ಟ ಗಗನಯಾತ್ರಿ. ಅವನ ನೌಕೆ ಕೆಟ್ಟು ಬೀಳತೈತಿ, 100 ಬಂಗಾರದ ಇಟ್ಟಿಗೆ ಕೂಡಿಸಿದ್ರೆ ಅವನು ದೊಡ್ಡ ಕಟ್ಟುಗಾರ. ಮೈನ್‌ಕ್ರಾಫ್ಟ್ ಇನ್ನೂ ಮುಂದೆ ಹೋಗಿ ಕತೆನೇ ಹೇಳೋದಿಲ್ಲ. ಅಲ್ಲಿ ಕತೆಯ ಕೆಲಸ ನಿಯಮ ಮಾಡತೈತಿ. ಯಾವ ಕಲ್ಲು ಯಾವ ಗುದ್ದಲಿಗೆ ಒಡೆಯತೈತಿ, ಒಡೆದಿದ್ದು ಕೈಗೆ ಬರತೈತೋ ಇಲ್ಲೋ, ಎಷ್ಟು ಹೊರಬಹುದು. ಇಲ್ಲೊಂದು ಲೆಕ್ಕ ಹಾಕಿದೆ. ಒಂದು ಬ್ಲಾಕು ಅಂದ್ರೆ ಒಂದು ಮೀಟರ್ ಉದ್ದ, ಅಗಲ, ಎತ್ತರ. ನಮ್ಮ ಕಡೆಯ ಗ್ರಾನೈಟ್ ಅಷ್ಟು ಇದ್ರೆ 2,600 ಕಿಲೊ ಮೇಲೆ ತೂಗತೈತಿ. ಆಟದಲ್ಲಿ ಚೀಲದ ಒಂದೇ ಖಾನೆಯಲ್ಲಿ 64 ಬ್ಲಾಕು ಕೂಡತಾವ, ಅಂದ್ರೆ 160 ಟನ್ನಿಗೂ ಜಾಸ್ತಿ. ಅದನ್ನ ಹೊತ್ತುಕೊಂಡು ನಮ್ಮ ಹುಡುಗ ಜಿಗಿದಾಡ್ತಾನೆ!

ಭಾಗ 6

ಈಗ ರಾಯಚೂರು. ಕೃಷ್ಣಾ ಮತ್ತು ತುಂಗಭದ್ರೆ ನಡುವಿನ ಈ ನೆಲಕ್ಕೆ ಎಷ್ಟು ಮಂದಿ ಬಡಿದಾಡಿದ್ರು ಅಂತ ಶಾಲೆ ಪುಸ್ತಕದಲ್ಲೇ ಓದೀವಿ. 1520ರಲ್ಲಿ ಕೋಟೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಕೈಯಲ್ಲಿತ್ತು, ಕೃಷ್ಣದೇವರಾಯ ಮುತ್ತಿಗೆ ಹಾಕಿದ. ಈ ಯುದ್ಧದ ಉದ್ದನೆಯ ವರ್ಣನೆ ಬರೆದವನು ಫೆರ್ನಾವೊ ನೂನಿಜ್. ಪೋರ್ಚುಗೀಸ ಕುದುರೆ ವ್ಯಾಪಾರಿ, ಯುದ್ಧ ಆಗಿ ಹದಿನೈದು ವರ್ಷದ ಮೇಲೆ ವಿಜಯನಗರದಲ್ಲಿದ್ದವನು. ಅವನ ಬರಹವನ್ನ ರಾಬರ್ಟ್ ಸೂವೆಲ್ 1900ರ ತನ್ನ ಪುಸ್ತಕದಲ್ಲಿ ಇಂಗ್ಲಿಷಿಗೆ ತಂದು ಹಾಕಿದ.

ಅದರಲ್ಲಿ ಒಂದು ವಿಷಯ ಐತಿ. ಕೋಟೆ ಗ್ವಾಡಿ ಕೀಳೋಕೆ ಸೈನಿಕರು ಗುದ್ದಲಿ, ಹಾರಿ ಹಿಡಿದು ಬುಡಕ್ಕೆ ಹೋಗ್ತಿದ್ರು. ಮೇಲಿಂದ ಹೊಡೆತ ಬಿದ್ದು ಸಾಯ್ತಿದ್ರು. ಮಂದಿ ಮುಂದೆ ಹೋಗೋಕೆ ಹಿಂಜರಿದಾಗ ಸರದಾರರು ಒಂದು ಉಪಾಯ ಮಾಡಿದ್ರು. ಗ್ವಾಡಿಯಿಂದ ಕಿತ್ತು ತಂದ ಕಲ್ಲನ್ನ ದುಡ್ಡು ಕೊಟ್ಟು ಕೊಳ್ಳೋಕೆ ಶುರು ಮಾಡಿದ್ರು. ಕಲ್ಲಿನ ಗಾತ್ರ ನೋಡಿ 10, 20, 30, 40, 50 ಫಣಂ. ಫಣಂ ಅಂದ್ರೆ ಆ ಕಾಲದ ಸಣ್ಣ ನಾಣ್ಯ, ನಾವು ಇವತ್ತಿಗೂ ಬಾಯಲ್ಲಿ ಆಡೋ "ಹಣ" ಅನ್ನೋ ಮಾತು ಅದೇ. ಉಪಾಯ ಕೆಲಸ ಮಾಡಿತು. ಗ್ವಾಡಿ ಅಲ್ಲಲ್ಲಿ ಬಿಚ್ಚಿಕೊಂತು.

ಇದನ್ನ ಓದಿದಾಗ ನಾನು ಲೈಬ್ರರಿಯಲ್ಲಿ ಒಬ್ಬನೇ ಕೂತಿದ್ದೆ. ಮೊದಲು ನಗು ಬಂತು. ಬೆಳ್ಳಿದು 10, ಬಂಗಾರದ್ದು 100! ನನ್ನ ದೋಸ್ತ ಕೇಳಿದ್ದ ಆಟ 500 ವರ್ಷದ ಹಿಂದೆನೇ ರಾಯಚೂರಿನಲ್ಲಿ ಆಡಿಬಿಟ್ಟಾರ. ಆಮೇಲೆ ನಗು ನಿಂತಿತು. ಅಲ್ಲಿ ಚೂರಾಗಿ ಬಿದ್ದವನು ಮರುಕ್ಷಣ ಎದ್ದು ನಿಲ್ಲಲಿಲ್ಲ. 50 ಹಣದ ಕಲ್ಲು ಹೊತ್ತು ವಾಪಸ್ ಓಡೋವಾಗ ಬಿದ್ದವನ ಹಣ ಯಾರಿಗೆ ಹೋಯ್ತು?

ಮುಂದೆ ಕ್ರಿಸ್ಟೊವಾವೊ ದ ಫಿಗೆರೆದೊ ಅನ್ನೋ ಪೋರ್ಚುಗೀಸ 20 ಬಂದೂಕುಗಾರರ ಜೊತೆ ರಾಯನ ಪಾಳೆಯಕ್ಕೆ ಬಂದ. ಗ್ವಾಡಿ ಮೇಲೆ ತಲೆ ಎತ್ತಿದವರನ್ನ ಅವರು ಗುರಿ ಇಟ್ಟು ಹೊಡೆದ್ರು, ಕೆಳಗಿನವರು ನಿರಾಳ ಕಲ್ಲು ಕಿತ್ರು. ಕೋಟೆಯ ಅಧಿಕಾರಿಗೂ ಗುಂಡು ಬಿತ್ತು, ಕೋಟೆ ಶರಣಾಯಿತು. ರಾಯನ ಹೆಸರು ನಮಗೆ ಗೊತ್ತು, ಶಾಹನ ಹೆಸರು ಗೊತ್ತು, ದೂರದೇಶದ ಫಿಗೆರೆದೊನ ಹೆಸರೂ ಗೊತ್ತು. ಕಲ್ಲು ಕಿತ್ತವರಿಗೆ ರೇಟು ಮಾತ್ರ ಐತಿ, ಹೆಸರಿಲ್ಲ.

ಭಾಗ 7

ಕೋಣಗಳು ಬಂದ್ವು. ಫೋಟೊ ಸ್ವೈಪ್ ಮಾಡ್ರಿ.

ಕೋಟೆಯ ಒಳಸುತ್ತಿನ ಪಡುವಣ ಗ್ವಾಡಿಯಲ್ಲಿ ಒಂದೇ ಒಂದು ಕಲ್ಲು ಸುಮಾರು 41 ಅಡಿ ಉದ್ದ ಐತಿ. ಅದರ ಮೇಲೆ ತೆಲುಗು ಶಾಸನ. ಇಸವಿ 1294, ಕಾಕತೀಯರ ಕಾಲ. ಗೋರೆ ಗನ್ನಯ ರೆಡ್ಡಿಯ ಅಪ್ಪಣೆಯಂತೆ ವಿಠ್ಠಲನಾಥ ಕೋಟೆ ಕಟ್ಟಿಸಿದ ಅಂತ ಅದರ ಹೇಳಿಕೆ. ಈ ಒಳಗ್ವಾಡಿಗೆ ಗಾರೆ ಇಲ್ಲ. ದೊಡ್ಡ ದೊಡ್ಡ ಕಲ್ಲು ಕೆತ್ತಿ, ಒಂದರ ಮೈಗೆ ಒಂದು ಕೂಡಿಸ್ಯಾರ. ಬಿಲ್ಲುಂಡಿನ ಬಡಗಿ ಇದನ್ನ ನೋಡಿದ್ರೆ ಖುಷಿಪಡ್ತಿದ್ದ.

ಅದೇ ಗ್ವಾಡಿಯಲ್ಲಿ ಒಂದು ಗೆರೆ ಚಿತ್ರ ಐತಿ. ಗಾಡಿ ಮೇಲೆ ಉದ್ದನೆಯ ಕಲ್ಲು, ಎಳೆಯೋಕೆ ಸಾಲಾಗಿ ಕೋಣಗಳು, ಜೊತೆಗೆ ಮಂದಿ. ಅಂದ್ರೆ ಕಲ್ಲು ತಂದವರು ತಂದಿದ್ದನ್ನೇ ಕಲ್ಲಿಗೆ ಬರೆದಾರ. ಕಟ್ಟಿಸಿದವನ ಹೆಸರು ಅಕ್ಷರದಲ್ಲಿ, ಹೊತ್ತವರ ಕೆಲಸ ಚಿತ್ರದಲ್ಲಿ. ಗೇಮ್ ಮಾಡೋರು ಇವತ್ತು ಒಂದು ಮಾತು ಹೇಳ್ತಾರೆ: ಕತೆಯನ್ನ ಲೋಕದೊಳಗೇ ಇಡು, ಆಡೋನು ತಿರುಗಾಡ್ತಾ ಕಂಡುಕೊಳ್ಳಲಿ. ಅದನ್ನ 1294ರಲ್ಲೇ ಮಾಡಿ ಇಟ್ಟಾರ, ನಾವು ಬಸ್ ಹಿಡಿಯೋ ಗಡಿಬಿಡ್ಯಾಗ ನೋಡೋದಿಲ್ಲ ಅಷ್ಟೇ.

ಈ ಚಿತ್ರವನ್ನ ಫೋನಿನಲ್ಲಿ ನಮ್ಮಜ್ಜನಿಗೆ ತೋರಿಸಿದೆ. ಅಜ್ಜ ಗೌಂಡಿ ಕೆಲಸ ಮಾಡಿದವ, ಕಲ್ಲಿನ ಮನಿ ಕಟ್ಟಿದವ. ದೊಡ್ಡದು ಮಾಡಿ, ಸಣ್ಣದು ಮಾಡಿ, ಬಹಳ ಹೊತ್ತು ನೋಡಿದ.

"ಎಳೆಯೋದು ದೊಡ್ಡದಲ್ಲ ತಮ್ಮಾ," ಅಂದ. "ನಿಲ್ಲಸೋದು ದೊಡ್ಡದು. ಇಳುಕಲ್ಲ್ಯಾಗ ಗಾಡಿ ಕೋಣದ ಮ್ಯಾಲೆ ಬರತೈತಿ. ಗಾಲಿಗೆ ಅಡ್ಡಗಲ್ಲು ಕೊಡೋನು ಯಾವನೋ, ಅವನ ಜೀವ ಹಿಡಕೊಂಡು ನಿಂತಿರತಾನ."

ಕತೆ ಸಿಕ್ಕಿತು ಅಂತ ನನಗೆ ಅನ್ಸಿದ್ದು ಆಗ.

ಭಾಗ 8

41 ಅಡಿ ಅಂದ್ರೆ ಹನ್ನೆರಡೂವರೆ ಮೀಟರ್. ನಮ್ಮ ಬ್ಲಾಕಿನ ಕೋಟೆಯಲ್ಲಿ ಅದನ್ನ ಹನ್ನೆರಡು ಬ್ಲಾಕಾಗಿ ಜೋಡಿಸಿದ್ವಿ. ಅಲ್ಲೇ ತಪ್ಪಿದ್ವಿ. ಹನ್ನೆರಡು ಬ್ಲಾಕಾದ್ರೆ ಅದು ಹನ್ನೆರಡು ಕಲ್ಲು, ಒಬ್ಬನೇ ಜೇಬಿಗೆ ಹಾಕ್ಕೊಂಡು ಹೋಗಬಹುದು. ಒಂದೇ ಕಲ್ಲು ಆಗಿದ್ರೆ ಮಾತ್ರ ಅದಕ್ಕೆ ಕೋಣ ಬೇಕು, ಗಾಡಿ ಬೇಕು, ಅಡ್ಡಗಲ್ಲು ಹಿಡಿಯೋನು ಬೇಕು.

ಮೊನ್ನೆ ನಾಲ್ಕೂ ಮಂದಿ ಚಹಾದಂಗಡಿ ಮುಂದೆ ಕೂತು ಹರಟಿ ಮಾಡಿ ಒಂದು ಒಪ್ಪಂದಕ್ಕೆ ಬಂದೀವಿ. ಮೊದಲ ಹಂತ 1294. ರಾಜನಿಲ್ಲ, ಕತ್ತಿಯಿಲ್ಲ. ಉದ್ದಗಲ್ಲು ಚೀಲಕ್ಕೆ ಹೋಗೋದಿಲ್ಲ, ಗುದ್ದಲಿಗೆ ಒಡೆಯೋದಿಲ್ಲ. ನಾಲ್ಕು ಜನ ಒಟ್ಟಿಗೆ ಆಡಿದ್ರೆ ಮಾತ್ರ ಸರಿಯತೈತಿ, ಇಳಿಜಾರಿನಲ್ಲಿ ಒಬ್ಬ ಗಾಲಿ ಹತ್ರನೇ ಇರಬೇಕು. ಗ್ವಾಡಿಗೆ ಕಲ್ಲು ಕೂಡಿಸಿದವನ ಹೆಸರು ಆ ಕಲ್ಲಿನ ಹಿಂದೆ ಉಳಿಯತೈತಿ.

ಎರಡನೇ ಹಂತ 1520. ಹೌದು, ದೋಸ್ತನ ಯುದ್ಧ ಉಳೀತು. ಆಗಿದ್ದನ್ನ ಆಗಿಲ್ಲ ಅನ್ನೋದು ಇತಿಹಾಸ ಅಲ್ಲ, ಅದನ್ನ ನಾನೂ ಒಪ್ಪಿದೆ. ಕಲ್ಲಿಗೆ 10ರಿಂದ 50 ಹಣ, ನೂನಿಜ್ ಬರೆದಂಗೇ. ಆದ್ರೆ ಕೀಳಬೇಕಾದ ಗ್ವಾಡಿ ನೀವೇ ಮೊದಲ ಹಂತದಲ್ಲಿ ಕಟ್ಟಿದ್ದು. ಕಿತ್ತ ಕಲ್ಲಿನ ಹಿಂದೆ ನಿಮ್ಮ ಇಲ್ಲಾ ನಿಮ್ಮ ದೋಸ್ತನ ಹೆಸರು ಕಾಣತೈತಿ. ಬಿದ್ದ ಗೊಂಬೆ ಎದ್ದು ನಿಲ್ಲೋದಿಲ್ಲ, ಇನ್ನೊಬ್ಬ ಬರ್ತಾನೆ, ಬೇರೆ ಮುಖ.

ದೋಸ್ತ ಇನ್ನೂ ಪೂರ್ತಿ ಒಪ್ಪಿಲ್ಲ. "ಹಿಂಗ ಮಾಡಿದ್ರ ಸಣ್ಣ ಹುಡುಗ್ರು ಆಡ್ತಾರೇನಲೇ?" ಅಂತಾನ. ಅವನ ಮಾತೂ ಸುಳ್ಳಲ್ಲ. ಲೆಗೊ ಆಟಗಳು ಸಾವನ್ನ ಹಗುರ ಮಾಡಿದ್ದು ಆರು ವರ್ಷದ ಮಗು ಅಳಬಾರದು ಅಂತ. ನಮ್ಮ ಆಟಕ್ಕೆ ಆ ಮಗು ಬರೋದಾದ್ರೆ ಏನು ಮಾಡೋದು ಅಂತ ಇನ್ನೂ ಚರ್ಚೆ ನಡದೈತಿ. ನನ್ನ ಅಭಿಪ್ರಾಯ: ಆ ಮಗುವಿಗೆ ಮೊದಲ ಹಂತವೇ ಪೂರ್ತಿ ಆಟ, ಕೋಣ ಹೊಡ್ಕೊಂಡು ಹೋದ್ರೂ ಸಾಕು. ನಿಮ್ಮದೇನು? ಬರೀರಿ.

ಆ 41 ಅಡಿಯ ಕಲ್ಲನ್ನ ಯಾರೂ ಕಿತ್ತಿಲ್ಲ, ಅಂದಹಾಗೆ. ಇದ್ದಲ್ಲೇ ಐತಿ.

ಬರೋ ಐತಾರ ಜಾಲಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಡ್ತೀವಿ, ದೇವದುರ್ಗದವರು ಅಲ್ಲೇ ಹತ್ತಬಹುದು, ಮಾನ್ವಿಯವರು ನೇರ ಕೋಟೆಗೆ ಬರ್ರಿ. ಅಳತೆ ಟೇಪು ಇದ್ದವರು ತರ್ರಿ, 15 ಮೀಟರಿನದು ಬೇಕು, 5 ಮೀಟರಿನದು ಸಾಲೋದಿಲ್ಲ. ಗ್ವಾಡಿಗೆ ಆತು ನಿಲ್ಲೋದು, ಹೆಸರು ಗೀಚೋದು ಯಾರೂ ಮಾಡಬ್ಯಾಡ್ರಿ. ಅಜ್ಜನೂ ಬರ್ತೀನಿ ಅಂದಾನ, ಅವನಿಗೆ ಕಿಟಕಿ ಪಕ್ಕ ಸೀಟು ಹಿಡಿಯೋದು ನನ್ನ ಕೆಲಸ. ಕೋಣಗಳನ್ನ ಎಣಿಸೋ ಕೆಲಸ ದೋಸ್ತನಿಗೆ ಕೊಟ್ಟೀವಿ.

#ಬ್ಲಾಕಿನಕೋಟೆ #ರಾಯಚೂರುಕೋಟೆ #ಜಾಲಹಳ್ಳಿ #ನಮ್ಮಇತಿಹಾಸ